ಪದಚರ್ಚೆ: ಕ್ಯಾಟಲಿಸ್ಟಿಗೆ ‘ವಿಷ’ವೋ ‘ನಂಜೋ’? (ತುರ್ತು)

ತಲೋಜಾದಿಂದ:
ಬಳಗಕ್ಕೆ ನಮಸ್ಕಾರ. ಇಲ್ಲಿನ ಫ್ಯಾಟಿ ಆಲ್ಕೋಹಾಲ್ (ಡಿಟರ್ಜೆಂಟ್ ಮೊದಲಾದವಕ್ಕೆ ಬಳಸುವ ರಾಸಾಯನಿಕ) ಘಟಕವೊಂದರ ಫೀಡ್ ಟ್ಯಾಂಕಿಗೆ, ಅಂದರೆ ಕಚ್ಚಾ ಮಾಲಿನ ಟ್ಯಾಂಕಿಗೆ, ಮರಾಠಿ, ಹಿಂದಿ ಜೊತೆ ಕನ್ನಡ ಬೋರ್ಡೂ ಬೇಕಾಗಿದೆ. ಗುತ್ತಿಗೆಯವರಲ್ಲಿ ಕಲಬುರಗಿ, ವಿಜಯಪುರದವರು ಬಹಳ. ಮರಾಠಿ ಕರಡಿನಲ್ಲಿ ‘ಉತ್ಪ್ರೇರಕ ವಿಷ’ ಅಂತಿದೆ. ಎಣ್ಣೆಯಿಂದ ಮಾಡಿದ ಕಚ್ಚಾ ಮಾಲಾದ ಮೀಥೈಲ್ ಎಸ್ಟರಿನಲ್ಲಿ ಗಂಧಕ, ಕ್ಲೋರೈಡ್, ರಂಜಕ (ಫಾಸ್ಫರಸ್) ಇದ್ದರೆ ತಾಮ್ರದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಹಾಳಾಗುತ್ತದೆ, ಲ್ಯಾಬ್ ವರದಿ ಬರದೆ ವಾಲ್ವ್ ತೆಗೆಯಬೇಡಿ ಎಂಬುದು ಒಟ್ಟು ಮಾತು. ‘ವೇಗವರ್ಧಕ ವಿಷ’ ನಡೆದೀತೇ? ನಾಳೆ ಮಧ್ಯಾಹ್ನ ಪೇಂಟರ್ ಬರುತ್ತಾನೆ.

ಮಾಟುಂಗದಿಂದ:
‘ನಂಜು’. ವಿಷ ಸಂಸ್ಕೃತ. ತಮಿಳಿನಲ್ಲೂ ನಂಜೇ, ನಂಜುಂಡ, ನಂಜನಗೂಡು ಎಲ್ಲ ಅದರಿಂದಲೇ. ಹಾಗೆಯೇ ತಾಮ್ರಕ್ಕೆ ‘ಚೆಂಬು’ ಅನ್ನಿ. ತಮಿಳರಿಗೆ ಇಂದಿಗೂ ಚೆಂಬೆಂದರೆ ಲೋಹ. ನಾವು ಲೋಹ ಮರೆತು ಪಾತ್ರೆಯನ್ನಷ್ಟೇ ಉಳಿಸಿಕೊಂಡೆವು.

ಪುಣೆಯಿಂದ:
ರಿಯಾಕ್ಟರಿನಾಗ ಚೆಂಬು ಇಟ್ಟಾರಂತ ನಮ್ಮ ಮಂದಿ ನಗತಾರ. ಮುಂದಿಂದು ಹೇಳ್ರಿ.

ಡೊಂಬಿವಲಿಯಿಂದ:
ಒಳಗೆ ಏನು ನಡೆಯುತ್ತದೆ ಅಂತ ಯಾರೂ ಕೇಳಲೇ ಇಲ್ಲ. ಹೈಡ್ರೋಜನೇಷನ್‌ನಲ್ಲೇ ಕೂದಲು ನರೆತವನು ನಾನು, ಹೇಳುತ್ತೇನೆ. ಕಾಪರ್ ಕ್ರೋಮೈಟ್ ಎಂಬ ತಾಮ್ರದ ಕ್ಯಾಟಲಿಸ್ಟ್ ಮೇಲೆ 200–300 ಬಾರ್ ಒತ್ತಡದ ಹೈಡ್ರೋಜನ್ ಹಾಯಿಸಿ ಎಸ್ಟರನ್ನು ಆಲ್ಕೋಹಾಲ್ ಮಾಡುತ್ತಾರೆ. ಗಂಧಕ ತಾಮ್ರದ ಮೇಲ್ಮೈಗೆ ಒಮ್ಮೆ ಅಂಟಿತೋ ಏಳುವುದಿಲ್ಲ. ಎಸ್ಟರಿಗೆ ಕೂರಲು ಜಾಗವೇ ಇಲ್ಲ. ಬೆರಳೆಣಿಕೆಯ ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಇದ್ದರೂ ಫೀಡ್ ಹಗಲೂ ರಾತ್ರಿ ಹರಿಯುವುದರಿಂದ ಶೇಖರವಾಗುತ್ತಲೇ ಹೋಗುತ್ತದೆ. ಇದನ್ನು ವಿಷ ಅನ್ನಿ, ಒಪ್ಪಿದೆ. ಕ್ಲೋರೈಡಿನ ದಾರಿ ಬೇರೆ: ಅದು ತಾಮ್ರದ ಸಣ್ಣ ಹರಳುಗಳು ಒಂದಕ್ಕೊಂದು ಬೆಸೆದು ದಪ್ಪಗಾಗುವಂತೆ ಮಾಡುತ್ತದೆ, ಕೆಲಸ ಮಾಡುವ ಮೇಲ್ಮೈ ಕುಗ್ಗುತ್ತದೆ. ರಂಜಕ ಬರುವುದು ಗಮ್ (ಎಣ್ಣೆಯಲ್ಲಿನ ಅಂಟು) ಸರಿಯಾಗಿ ತೆಗೆಯದ ಎಣ್ಣೆಯಲ್ಲಿ ಉಳಿದ, ರಂಜಕವಿರುವ ಲೆಸಿಥಿನ್‌ನಿಂದ. ಎಸ್ಟರಿನಲ್ಲಿ ಉಳಿದ ಕೊಬ್ಬಿನಾಮ್ಲವಂತೂ ತಾಮ್ರವನ್ನೇ ಸಾಬೂನು ಮಾಡಿ ಹೊರಗೆ ಒಯ್ಯುತ್ತದೆ, ಅದನ್ನು ನಿಮ್ಮ ಕರಡಿನಲ್ಲಿ ಬಿಟ್ಟೇ ಬಿಟ್ಟಿದ್ದೀರಿ. ಕ್ಯಾಟಲಿಸ್ಟ್ ಸೋತಾಗ ಎಸ್ಟರ್ ಹಾಗೇ ಉಳಿಯುತ್ತದೆ. ಸರಿದೂಗಿಸಲು ಶಾಖ ಏರಿಸುತ್ತಾರೆ. ಏರಿಸಿದರೆ ಆಲ್ಕೋಹಾಲೇ ಹೈಡ್ರೋಕಾರ್ಬನ್ ಆಗಿ ಮಾಲು ಕೆಡುತ್ತದೆ. ಇಷ್ಟಕ್ಕೆಲ್ಲ ಒಂದೇ ‘ವಿಷ’ ಸಾಲದು. ಅದಕ್ಕಿಂತ ಮುಖ್ಯ, ಟ್ಯಾಂಕಿನ ಮೇಲೆ ‘ವಿಷ’ ಅಂತ ಬರೆದರೆ ಓದುವವನು ತನಗೇ ವಿಷ ಅಂದುಕೊಳ್ಳುತ್ತಾನೆ. ಮನುಷ್ಯನಿಗೆ ವಿಷವಾಗುವ ಟ್ಯಾಂಕಿಗೆ ಆಮೇಲೆ ಏನು ಬರೆಯುತ್ತೀರಿ?

ಮಾಟುಂಗದಿಂದ:
ಅದಕ್ಕೇ ನಂಜು ಅಂದದ್ದು. ಗಾಯಕ್ಕೆ ನಂಜಾದರೆ ಯಾರೂ ಆ ಕ್ಷಣ ಸಾಯುವುದಿಲ್ಲ, ನಿಧಾನಕ್ಕೆ ಕೆಡುತ್ತದೆ. ನಿಮ್ಮ ಗಂಧಕದ ಕಥೆಯೂ ಅದೇ.

ಪುಣೆಯಿಂದ:
ಬದನೀಕಾಯಿನೂ ನಂಜು ಅಂತಾರ. ಟ್ಯಾಂಕಿನಾಗ ಯಾರು ಪಲ್ಯಾ ಮಾಡ್ಯಾರ? ಪ್ಲಾಂಟಿನಾಗ ಎಲ್ಲಾರೂ ‘ಕ್ಯಾಟಲಿಸ್ಟ್ ಕೆಟ್ಟೈತಿ’ ಅಂತಾರ. ಅದನ್ನ ಬರೀರಿ.

ಮಾಟುಂಗದಿಂದ:
ಎಲ್ಲರೂ ಅನ್ನುತ್ತಾರೆ ಎಂದು ಎಲ್ಲವನ್ನೂ ಹೊರಗಿನಿಂದ ತಂದರೆ ಕನ್ನಡಕ್ಕೆ ಪ್ರತ್ಯಯ ಮಾತ್ರ ಉಳಿಯುತ್ತದೆ.

ಮಡಗಾಂವದಿಂದ:
ರಾಯರೇ, ‘ಪಗಾರ’ ಪೋರ್ಚುಗೀಸರದ್ದು. ಒಂದನೇ ತಾರೀಖು ಬೇಡ ಅಂದವರನ್ನು ನಾನು ಕಂಡಿಲ್ಲ.

ಮಾಟುಂಗದಿಂದ:
ನಾವು ‘ಸಂಬಳ’ ತೆಗೆದುಕೊಳ್ಳುವವರು.

ಮಡಗಾಂವದಿಂದ:
ಅದು ಸಂಸ್ಕೃತದ ‘ಶಂಬಲ’. ಅದನ್ನೂ ವಾಪಸ್ ಕೊಡುತ್ತೀರಾ?

ಡೊಂಬಿವಲಿಯಿಂದ:
ಜಗಳ ನಿಮಗಿರಲಿ. ಬೋರ್ಡಿಗೆ ನಾಮಪದವೇ ಬೇಡ, ಕ್ರಿಯಾಪದ ಹಾಕಿ. ಯಾವುದು ವಿಷ, ಯಾವುದು ಬೆಸುಗೆ ಎಂಬುದನ್ನು ತರಬೇತಿ ಹಾಳೆಯಲ್ಲಿ ಹೇಳಿ.

ತಲೋಜಾದಿಂದ:
ಎಲ್ಲರಿಗೂ ಉಪಕಾರವಾಯಿತು. ಇದನ್ನು ಕಳಿಸುತ್ತಿದ್ದೇನೆ: ‘ಲ್ಯಾಬ್ ವರದಿ ಬರುವ ತನಕ ವಾಲ್ವ್ ತೆಗೆಯಬೇಡಿ. ಗಂಧಕ, ಕ್ಲೋರೈಡ್, ಫಾಸ್ಫರಸ್, ಆಮ್ಲ ಹೆಚ್ಚಿದ್ದರೆ ಕ್ಯಾಟಲಿಸ್ಟ್ ಕೆಡುತ್ತದೆ.’ ರಂಜಕ ಎಂದರೆ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಂಜು ತರಬೇತಿ ಹಾಳೆಯಲ್ಲಿದೆ, ಗಂಧಕದ ಸಾಲಿನಲ್ಲಿ ಮಾತ್ರ.

ಮಾಟುಂಗದಿಂದ:
ಆ ಬೋರ್ಡಿನಲ್ಲಿ ಕನ್ನಡ ಪದ ಎಷ್ಟಿವೆ, ಎಣಿಸಿ ಹೇಳಿ.

ಪುಣೆಯಿಂದ:
‘ತೆಗೆಯಬೇಡಿ’ ಐತಿ. ಸಾಕು.