‘ಲಿಮಿಟೇಶನ್’ಗೆ ಕನ್ನಡ ಬೇಕು, ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಹೆಂಗಸರಿಗೆಂದು ಒಂದು ಪುಟದ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಕಾಟನ್‌ಪೇಟೆಯ ಪ್ರೆಸ್ಸಿಗೆ ಕೊಡಬೇಕು. ‘ಲಿಮಿಟೇಶನ್’, ಅಂದರೆ ಇಷ್ಟು ಕಾಲದೊಳಗೆ ದೂರು ಕೊಡಬೇಕು ಅನ್ನುವ ಕಾನೂನಿನ ಮಿತಿ, ಅದರ ಹತ್ತಿರ ಸಿಕ್ಕಿಕೊಂಡಿದ್ದೇನೆ. ಸಾಲು ಇದು: ‘ಸಾಮಾನ್ಯ ಗಾಯದ ದೂರಿಗೆ ಕಾಲಮಿತಿ 1 ವರ್ಷ, ಗಂಡನ ಮನೆಯವರ ಕ್ರೌರ್ಯಕ್ಕೆ 3 ವರ್ಷ.’ ಮನೆಗೆಲಸಕ್ಕೆ ಬರುವ ಅಕ್ಕನಿಗೆ ಓದಿ ಹೇಳಿದೆ. “ಅಂದ್ರೆ ವರ್ಷಗಟ್ಟಲೆ ಕಾಯ್ಬೇಕಾ?” ಅಂದರು. ಬೇರೆ ಪದ ಇದ್ದರೆ ಹೇಳಿ.
(ಜಯನಗರದಿಂದ)

ಗಡುವು. ಇದರಲ್ಲಿ ಕೇಳೋದೇನಿದೆ? ತೆಲುಗಿನಲ್ಲೂ ಉಂಟು, ದ್ರಾವಿಡ ಪದ. ‘ಕಾಲ’ವೂ ಸಂಸ್ಕೃತ, ‘ಮಿತಿ’ಯೂ ಸಂಸ್ಕೃತ. ಎರಡನ್ನೂ ಅಂಟಿಸಿ ಕನ್ನಡ ಅನ್ನೋದು ಸುಮ್ನೆ.
(ಬಸವನಗುಡಿ ಮೇಷ್ಟ್ರು)

‘ವಾಯಿದೆ’ ಆಗಲ್ವಾ? ನಮ್ಮ ಕಡೆ ಎಲ್ಲರೂ ಅನ್ನೋದು ಅದನ್ನೇ.
(ಯಲಹಂಕ)

ಅರಬ್ಬಿ ಮೂಲ. ಬೇಡ.
(ಬಸವನಗುಡಿ)

ಮೇಷ್ಟ್ರೇ, ಗಡುವು ಅಂದರೆ ಒಬ್ಬರು ಕೊಡೋದು, ಇನ್ನೊಬ್ಬರು ಕೇಳೋದು. ಇದು ಯಾರೂ ಕೊಡದೆ ತಾನಾಗಿ ಓಡುತ್ತೆ. ‘ವಾಯಿದೆ’ಯಂತೂ ಬೇಡವೇ ಬೇಡ. ಕೋರ್ಟಿನಲ್ಲಿ ‘ಮುಂದಿನ ವಾಯಿದೆ ಯಾವಾಗ’ ಅಂದರೆ ವಿಚಾರಣೆಯ ತಾರೀಖು. ಕಕ್ಷಿದಾರರು ತಲೆ ಕೆಡಿಸಿಕೊಳ್ಳುತ್ತಾರೆ.

ಮೇಡಂ, ಪದಕ್ಕಿಂತ ಜಾಸ್ತಿ ಆ ಸಾಲನ್ನು ನೋಡಿ. ಕ್ರಿಮಿನಲ್ ಕೇಸು ನಡೆಸುವ ಈಗಿನ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468, ಅದರ ಪ್ರಕಾರ ನಿಮ್ಮ ಲೆಕ್ಕ ಸರಿ. ಆದರೆ ಕ್ರೌರ್ಯ ಮತ್ತೆ ನಡೆದರೆ 3 ವರ್ಷ ಮತ್ತೆ ಮೊದಲಿಂದ ಶುರು. ಇನ್ನು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆ ಕೇಳಿ ಹಾಕುವ ಅರ್ಜಿಗೆ ಈ ಮಿತಿ ಇಲ್ಲವೇ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದನ್ನು ಬರೆಯದಿದ್ದರೆ, ‘ಅಯ್ಯೋ, ವರ್ಷ ಕಳೆದುಹೋಯ್ತು’ ಅಂತ ಸುಮ್ಮನಾಗುತ್ತಾರೆ ಅಷ್ಟೇ.
(ಸಿಟಿ ಸಿವಿಲ್ ಕೋರ್ಟ್ ಕಡೆಯಿಂದ)

ವಕೀಲರಿಗೆ ಪದದ ಗೊಡವೆ ಯಾಕೆ? ಕಾನೂನು ನೋಡಿಕೊಳ್ಳಲಿ.
(ಬಸವನಗುಡಿ)

ಮೇಷ್ಟ್ರೇ, ವಕೀಲ, ಅರ್ಜಿ, ಜಾಮೀನು, ತಾರೀಖು ಎಲ್ಲಾ ಯಾವೂರಿನವು? ಮೊದಲು ಅವನ್ನು ಹೊರಗೆ ಹಾಕಿ, ಆಮೇಲೆ ನನ್ನ ವಾಯಿದೆಗೆ ಬನ್ನಿ.
(ಯಲಹಂಕ)

ತಪ್ಪನ್ನು ಎಷ್ಟು ಜನ ಮಾಡಿದರೂ ತಪ್ಪೇ.
(ಬಸವನಗುಡಿ)

ಜಗಳ ಮುಂದುವರಿಸಿ, ನಾನು ಪ್ರೆಸ್ಸಿಗೆ ಹೊರಟೆ. ಪದವನ್ನೇ ಬಿಟ್ಟೆ. ‘ಹೊಡೆದರೆ, ಅಂದಿನಿಂದ 1 ವರ್ಷದೊಳಗೆ ದೂರು ಕೊಡಿ. ರಕ್ಷಣೆಯ ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು’ ಅಂತ ಬರೆದೆ. ಕ್ರೌರ್ಯದ 3 ವರ್ಷ ಕೆಳಗಿನ ಸಾಲಿನಲ್ಲಿದೆ. ಅಕ್ಕನಿಗೆ ಅರ್ಥವಾಯಿತು. ವಕೀಲರೇ, ಥ್ಯಾಂಕ್ಸ್.
(ಜಯನಗರ)

‘ದೂರು’ ಸರಿ. ‘ವರ್ಷ’ ಸಂಸ್ಕೃತ, ಗೊತ್ತಿದೆ ತಾನೇ?
(ಬಸವನಗುಡಿ)