ಜಿರಾದಲ್ಲಿ ‘ವಾಚ್’ ಒತ್ತದೆ ತಂಡದ ಕೆಲಸಗಳನ್ನು ಗಮನಿಸುವುದು ಹೇಗೆ?

ಪ್ರಶ್ನೆ:
ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಚಿಕ್ಕ ತಂಡವೊಂದರ ಹೊಣೆಯನ್ನು ಇತ್ತೀಚೆಗೆ ವಹಿಸಿಕೊಂಡಿದ್ದೇನೆ. ನಮ್ಮ ಟಿಕೆಟ್‌ಗಳೆಲ್ಲ (ಒಂದೊಂದು ಕೆಲಸದ ದಾಖಲೆಗಳು) ತಂಡದ ಕೆಲಸಗಳ ಪ್ರಗತಿಯನ್ನು ದಾಖಲಿಸುವ ತಂತ್ರಾಂಶವಾದ ಜಿರಾ ಕ್ಲೌಡ್‌ನಲ್ಲಿವೆ. ಗಡುವು ಸಮೀಪಿಸಿದ ಟಿಕೆಟ್‌ನ ಬದಲಾವಣೆಗಳ ಸುದ್ದಿ ಬರಲೆಂದು ನಾನು ‘ವಾಚ್’ ಒತ್ತಿದರೆ, ಕಣ್ಣಿನ ಚಿಹ್ನೆಯಡಿಯ ಪಟ್ಟಿಯಲ್ಲಿ ನನ್ನ ಹೆಸರು ಸೇರಿಕೊಳ್ಳುತ್ತದೆ, ಅದನ್ನು ಕಂಡ ಹೊಸಬರು ಗಾಬರಿಗೊಂಡು, “ಮೇಡಂ, ಏನಾದರೂ ತಪ್ಪಾಗಿದೆಯೇ?” ಎಂದು ಕೇಳುತ್ತಾರೆ. ಯಾರಿಗೂ ಮುಜುಗರವಾಗದಂತೆ ಕೆಲಸದ ಪ್ರಗತಿಯನ್ನು ತಿಳಿದುಕೊಳ್ಳುವ ದಾರಿ ಇದೆಯೇ?

ಉತ್ತರ 1:
ಇದೆ, ಮೇಡಂ. ಟಿಕೆಟ್‌ಗಳನ್ನು ಒಂದೊಂದಾಗಿ ವಾಚ್ ಮಾಡುವ ಬದಲು ಒಂದು ಫಿಲ್ಟರ್ ರಚಿಸಿ ಉಳಿಸಿಕೊಳ್ಳಿ. ‘ಇನ್ ಪ್ರೋಗ್ರೆಸ್’ ಸ್ಥಿತಿಯಲ್ಲಿದ್ದು ಮೂರು ದಿನಗಳಿಂದ ಯಾವ ಬದಲಾವಣೆಯನ್ನೂ ಕಾಣದ ಟಿಕೆಟ್‌ಗಳು, ಹಾಗೂ ಗಡುವು ದಾಟಿಯೂ ಮುಗಿಯದೆ ಉಳಿದವು, ಈ ಎರಡು ಬಗೆಯವನ್ನು ಹುಡುಕುವ ಷರತ್ತುಗಳನ್ನು ಜಿರಾದ ಹುಡುಕಾಟದ ಭಾಷೆಯಾದ ಜೆಕ್ಯೂಎಲ್‌ನಲ್ಲಿ ಬರೆದರೆ ಸಾಕು. ಫಿಲ್ಟರ್ ‘ಪ್ರೈವೇಟ್’ ಆಗಿದೆಯೇ ಎಂದು ನೋಡಿಕೊಂಡು, ಅದಕ್ಕೆ ನೀವೊಬ್ಬರೇ ಚಂದಾದಾರರಾದರೆ, ನೀವು ಗೊತ್ತುಪಡಿಸಿದ ಹೊತ್ತಿಗೆ ಪ್ರತಿದಿನ ಬೆಳಿಗ್ಗೆ ಪಟ್ಟಿ ನಿಮ್ಮ ಮೇಲ್‌ಗೆ ಬರುತ್ತದೆ, ಟಿಕೆಟ್‌ನಲ್ಲಿ ನಿಮ್ಮ ಹೆಸರು ಕಾಣಿಸುವುದಿಲ್ಲ.

ಹಲವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ವೈಯಕ್ತಿಕ ಸೆಟ್ಟಿಂಗ್ಸ್‌ನಲ್ಲಿ ‘ಆಟೋವಾಚ್’ ಚಾಲೂ ಇದ್ದರೆ, ನೀವು ಕಾಮೆಂಟ್ ಹಾಕಿದ ಅಥವಾ ತಿದ್ದಿದ ಟಿಕೆಟ್‌ಗೆ ಜಿರಾ ತಾನಾಗಿಯೇ ನಿಮ್ಮನ್ನು ವಾಚರ್ ಆಗಿ ಸೇರಿಸುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಹಳೆಯ ಟಿಕೆಟ್‌ಗಳಿಂದ ನೀವೇ ಹೊರಬರಬೇಕಾಗುತ್ತದೆ.

ಉತ್ತರ 2:
ವಾಚರ್‌ಗಳ ಪಟ್ಟಿಯನ್ನು ನೋಡುವ ಅನುಮತಿಯನ್ನೇ ಅಡ್ಮಿನ್ ತೆಗೆದುಹಾಕಬಹುದು. ಆದರೆ ಯಾರಿಗೆ ಸುದ್ದಿ ತಲುಪುತ್ತಿದೆ ಎಂಬುದೇ ತಂಡಕ್ಕೆ ತಿಳಿಯದಂತಾಗುವುದರಿಂದ ನಾನು ಅದನ್ನು ಸೂಚಿಸಲಾರೆ.

ಉತ್ತರ 3:
ತಾಂತ್ರಿಕವಾಗಿ ಮೊದಲ ಉತ್ತರ ಸರಿಯಾಗಿದೆ. ನನ್ನ ಆಕ್ಷೇಪ ಗುಟ್ಟಿನ ಬಗ್ಗೆ ಮಾತ್ರ. 2020ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಪ್ರೊಡಕ್ಟಿವಿಟಿ ಸ್ಕೋರ್’ ಉದ್ಯೋಗಿಗಳು ಇಮೇಲ್, ಚಾಟ್ ಮುಂತಾದವನ್ನು ಎಷ್ಟು ಬಳಸಿದರೆಂಬ ವಿವರವನ್ನು ಹೆಸರು ಸಹಿತ ಮೇಲಿನವರಿಗೆ ತೋರಿಸುತ್ತದೆಂದು ತೀವ್ರ ಟೀಕೆ ಎದ್ದಾಗ, ಕಂಪನಿ ಕೆಲವೇ ದಿನಗಳಲ್ಲಿ ಅದರಿಂದ ವ್ಯಕ್ತಿಗಳ ಹೆಸರುಗಳನ್ನು ತೆಗೆಯಬೇಕಾಯಿತು. ಟಿಕೆಟ್ ಎಲ್ಲಿ ನಿಂತಿದೆ ಎಂದು ನೋಡುವುದು ಮೇಲ್ವಿಚಾರಕರ ಕರ್ತವ್ಯವೇ ಆಗಿದೆ. ಯಾರು ಎಷ್ಟು ಟಿಕೆಟ್ ಮುಗಿಸಿದರೆಂದು ಹೆಸರುವಾರು ಲೆಕ್ಕವಿಡುವುದು ಬೇರೆಯದೇ ವಿಷಯ. ಮೂರು ದಿನ ಅಲುಗಾಡದ ಟಿಕೆಟ್ ಎಷ್ಟೋ ಸಲ ಕೋಡ್ ರಿವ್ಯೂಗೋ ಬೇರೆ ತಂಡದ ಉತ್ತರಕ್ಕೋ ಕಾಯುತ್ತಿರುತ್ತದೆ, ಹಾಗಾಗಿ ಬರೀ ಪಟ್ಟಿ ನೋಡಿ ಯಾರನ್ನೂ ಅಳೆಯಬಾರದು. ಇಂಥ ಫಿಲ್ಟರ್ ಇಟ್ಟುಕೊಂಡಿದ್ದೇನೆಂದು ಸ್ಟ್ಯಾಂಡಪ್‌ನಲ್ಲಿ (ತಂಡದ ದಿನನಿತ್ಯದ ಕಿರುಸಭೆಯಲ್ಲಿ) ಒಮ್ಮೆ ಹೇಳಿಬಿಡಿ, ಸಾಧ್ಯವಾದರೆ ತಂಡದೊಂದಿಗೂ ಹಂಚಿಕೊಳ್ಳಿ. ಆಗ “ಮೇಡಂ, ಏನು ತಪ್ಪಾಯಿತು?” ಎಂಬ ಪ್ರಶ್ನೆಯೂ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಫಿಲ್ಟರ್ ಹೊಂದಿಸಿದ್ದೇನೆ, ನಾಳಿನ ಸ್ಟ್ಯಾಂಡಪ್‌ನಲ್ಲಿ ತಂಡಕ್ಕೂ ತಿಳಿಸುತ್ತೇನೆ. ಇನ್ನೊಂದು ಸಂದೇಹ: ಟಿಕೆಟನ್ನು ಸುಮ್ಮನೆ ತೆರೆದು ಓದಿದರೂ ಅದು ಹಿಸ್ಟರಿಯಲ್ಲಿ ದಾಖಲಾಗುತ್ತದೆಯೇ?

ಉತ್ತರ 1:
ಇಲ್ಲ. ಟಿಕೆಟ್‌ನ ಹಿಸ್ಟರಿಯಲ್ಲಿ ಸ್ಥಿತಿ, ಹೊಣೆಗಾರರು, ಗಡುವು ಮುಂತಾದವುಗಳ ಬದಲಾವಣೆಗಳಷ್ಟೇ ಸೇರುತ್ತವೆ, ಓದಿದ್ದು ಸೇರುವುದಿಲ್ಲ. ಜಿರಾ ಜೊತೆ ಬಳಸುವ ದಾಖಲೆಗಳ ತಾಣವಾದ ಕಾನ್‌ಫ್ಲುಯೆನ್ಸ್‌ನ ಪುಟಗಳ ವಿಷಯದಲ್ಲಿ ಮಾತ್ರ ಇದನ್ನು ನಂಬಿಕೊಳ್ಳಬೇಡಿ. ಅನಾಲಿಟಿಕ್ಸ್ ಸೌಲಭ್ಯವಿರುವೆಡೆ ಪುಟವನ್ನು ಯಾರು ನೋಡಿದರೆಂಬುದು ಇತರರಿಗೂ ಕಾಣಬಹುದು.