ಆಯಿಗೆ ರೂಟ್ ಕೆನಾಲ್ ಮಾಡಿಸಬಹುದಾ? ಅನುಭವ ಇದ್ದವರು ಹೇಳಿ

ಶಿರಸಿಯಿಂದ:
ಆಯಿಗೆ 58 ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿ ಹದಿನೈದು ದಿನದಿಂದ ನೋವು. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮನೆಗೆ ಬಂದವರೆಲ್ಲ ಹೆದರಿಸುತ್ತಾರೆ. ಜೀವ ಹೋಗುವಷ್ಟು ನೋವಂತೆ, ನರ ತೆಗೆದರೆ ಕಣ್ಣು ಮಂಜಾಗುತ್ತದಂತೆ, ಕೀಳಿಸಿಬಿಡುವುದೇ ಒಳ್ಳೆಯದಂತೆ. ಆಯಿ ಲವಂಗ ಕಚ್ಚಿಕೊಂಡು ಕೂತಿದ್ದಾಳೆ. ಮಾಡಿಸಿದವರು ದಯವಿಟ್ಟು ಹೇಳಿ.

ಕುಮಟಾದಿಂದ:
ತಂಗಿ, ನಾನು ಎರಡು ಹಲ್ಲಿಗೆ ಮಾಡಿಸಿಕೊಂಡಿದ್ದೇನೆ. ಮೊದಲನೆಯ ಸಲ ನಾನೂ ಹೀಗೇ ಹೆದರಿದ್ದೆ. ನೋವಿನ ಮಾತ್ರೆ ನುಂಗುತ್ತಾ ಒಂದು ತಿಂಗಳು ತಳ್ಳಿದೆ. ಒಂದು ದಿನ ನೋವು ತಾನಾಗಿಯೇ ನಿಂತಿತು. ವಾಸಿಯಾಯಿತು ಅಂತ ಎಷ್ಟು ಖುಷಿಪಟ್ಟೆ! ಒಳಗಿನ ನರ ಸತ್ತಿತ್ತು, ಅದಕ್ಕೇ ನೋವು ನಿಂತಿದ್ದು. ಸೋಂಕು ಮಾತ್ರ ಬೇರಿನ ತುದಿಯ ಕಡೆ ಇಳಿಯುತ್ತಲೇ ಇತ್ತು. ಮಳೆಗಾಲದ ಒಂದು ಬೆಳಿಗ್ಗೆ ಎದ್ದರೆ ಕೆನ್ನೆ ಊದಿಕೊಂಡಿದೆ, ಒಸಡಿನ ಮೇಲೆ ಕೀವಿನ ಗುಳ್ಳೆ, ಬಾಯಿ ತೆರೆಯಲಿಕ್ಕೆ ಆಗುತ್ತಿಲ್ಲ. ನಾನು ಅನುಭವಿಸಿದ ದೊಡ್ಡ ನೋವೆಲ್ಲ ಚಿಕಿತ್ಸೆಗೆ ಮುಂಚಿನದು. ಆಯಿಯ ನೋವು ನಾಳೆ ನಿಂತರೂ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ.

ಚಿಕಿತ್ಸೆಯ ದಿನ ಇಂಜೆಕ್ಷನ್ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಅರ್ಧ ತುಟಿ, ನಾಲಿಗೆ ಜೋಮು. ಬೇರನ್ನೇ ಕೀಳುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ, ಬೇರು ಅಲ್ಲೇ ಇರುತ್ತದೆ. ಹಲ್ಲಿನ ಮೇಲ್ಭಾಗದಲ್ಲಿ ತೂತು ಮಾಡಿ, ಸೂಜಿಯಂಥ ಸಣ್ಣ ಫೈಲಿನಿಂದ ಬೇರಿನೊಳಗಿನ ಕೊಳವೆ ಸ್ವಚ್ಛ ಮಾಡುತ್ತಾರೆ, ಔಷಧಿ ಹಾಯಿಸಿ ತೊಳೆಯುತ್ತಾರೆ. ಕೊನೆಗೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥದ್ದನ್ನು ತುಂಬಿ ಮುಚ್ಚುತ್ತಾರೆ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು, ನಾಲ್ಕು ಕೊಳವೆ ಇರುತ್ತವೆ. ಹೊತ್ತು ಹಿಡಿಯುವುದು ಅದಕ್ಕೇ.

ಒಂದು ವಿಷಯ ಮುಚ್ಚಿಡುವುದಿಲ್ಲ. ಒಳಗೆ ತುಂಬಾ ಉರಿಯೂತ ಇದ್ದರೆ ಕೆಳಗಿನ ದವಡೆ ಹಲ್ಲು ಒಂದೇ ಇಂಜೆಕ್ಷನ್ನಿಗೆ ಮರಗಟ್ಟದೇ ಇರಬಹುದು. ನನ್ನ ಎರಡನೇ ಹಲ್ಲಿಗೆ ಹಾಗಾಯಿತು. ಕೈ ಎತ್ತಿದೆ. ನಿಲ್ಲಿಸಿ ಇನ್ನೊಂದು ಕೊಟ್ಟರು, ಸರಿಹೋಯಿತು. ಸಹಿಸಿಕೊಂಡು ಕೂರಬೇಡ, ಕೈ ಎತ್ತು ಅಂತ ಆಯಿಗೆ ಮೊದಲೇ ಹೇಳಿಡಿ. ಮನೆಗೆ ಬಂದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋಯುತ್ತದೆ, ಗಾಬರಿ ಬೇಡ.

ಅಂಕೋಲಾದಿಂದ:
ನಾನು ಹೆದರಿ ಕೀಳಿಸಿಬಿಟ್ಟೆ. ಆರು ವರ್ಷವಾಯಿತು. ಪಕ್ಕದ ಹಲ್ಲು ಆ ಸಂದಿಗೆ ವಾಲಿದೆ, ಮೇಲಿನದು ಕೆಳಗಿಳಿದಿದೆ, ಒಂದೇ ಕಡೆ ಅಗಿಯುತ್ತೇನೆ. ಈಗ ಬ್ರಿಜ್, ಅಂದರೆ ಅಕ್ಕಪಕ್ಕದ ಹಲ್ಲಿಗೆ ಆನಿಸಿ ಕೂರಿಸುವ ಕೃತಕ ಹಲ್ಲು, ಹಾಕಿಸಬೇಕೆಂದರೆ ಅಕ್ಕಪಕ್ಕದ ಚೆನ್ನಾಗಿರುವ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಉಳಿಯುವ ಹಲ್ಲನ್ನು ಉಳಿಸಿಕೊಳ್ಳಿ ಅಕ್ಕ.

ಕಾರವಾರದಿಂದ:
ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಕಣ್ಣಿನ ಮಾತು ದಿನಾ ಕೇಳುತ್ತೇನೆ. ದೃಷ್ಟಿಯ ನರ ಕಣ್ಣಿನಿಂದ ಮಿದುಳಿಗೆ ಹೋಗುತ್ತದೆ. ಹಲ್ಲಿನ ನರ ಬೇರೆಯೇ. ಮೇಲಿನ ಹಲ್ಲಾದರೂ ಅಷ್ಟೇ, ಆಯಿಯದಂತೂ ಕೆಳಗಿನದು. ಹಲ್ಲು ಹಾಳಾಗುವ ವಯಸ್ಸಿನಲ್ಲೇ ಕಣ್ಣಿಗೆ ಪೊರೆಯೂ ಬರುತ್ತದೆ. ಜನ ಎರಡನ್ನೂ ಗಂಟು ಹಾಕುತ್ತಾರೆ.

ಆಂಟಿಬಯಾಟಿಕ್ ನುಂಗಿದರೆ ಸಾಕು ಎನ್ನುವವರೂ ಇದ್ದಾರೆ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ಮುಟ್ಟುವುದು ಹೇಗೆ? ಬಾವು ಸ್ವಲ್ಪ ಇಳಿದೀತು, ಮೂಲ ಹಾಗೇ ಉಳಿಯುತ್ತದೆ. ಲವಂಗ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ. ಅದರ ಎಣ್ಣೆಯನ್ನು ಹಾಗೇ ಸುರಿದು ಒಸಡು ಸುಟ್ಟುಕೊಂಡವರನ್ನು ಕಂಡಿದ್ದೇನೆ. ಆಯಿಗೆ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅಥವಾ ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಖರ್ಚಿನ ಚಿಂತೆ ಇದ್ದರೆ ದಂತ ಕಾಲೇಜುಗಳಲ್ಲಿ ವಿಚಾರಿಸಿ. ನಿಮಗೆ ಧಾರವಾಡ ಹತ್ತಿರ. ನಮ್ಮ ಕಡೆಯವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿಗೇ ಮಾಡುತ್ತಾರೆ. ಓಡಾಟ ಮಾತ್ರ ಜಾಸ್ತಿ.

ಸಿದ್ದಾಪುರದಿಂದ:
ರೂಟ್ ಕೆನಾಲ್ ಆದ ಮೇಲೆ ಹಲ್ಲಿಗೆ ಟೊಪ್ಪಿಯಂತೆ ಕೂರಿಸುವ ಕ್ಯಾಪಿನ ಮಾತು ಯಾರೂ ಎತ್ತಲಿಲ್ಲವಲ್ಲ. ನಮ್ಮ ಅಪ್ಪಯ್ಯ ರೂಟ್ ಕೆನಾಲ್ ಮಾಡಿಸಿದ. ನೋವು ಹೋಯಿತು, ಇನ್ನು ಕ್ಯಾಪ್ ಯಾಕೆ, ಸುಮ್ನೆ ದುಡ್ಡು ಅಂದ. ನಾವೂ ಒತ್ತಾಯ ಮಾಡಲಿಲ್ಲ. ಚೌತಿಯಲ್ಲಿ ಚಕ್ಕುಲಿ ಕಚ್ಚಿದಾಗ ಹಲ್ಲು ಬೇರಿನವರೆಗೆ ಎರಡು ಹೋಳಾಯಿತು. ಆಮೇಲೆ ಕೀಳಿಸಲೇಬೇಕಾಯಿತು. ಹುಳುಕು ತಿಂದು, ತೂತು ಕೊರೆದು ಟೊಳ್ಳಾದ ಹಲ್ಲು ಅದು. ದವಡೆಯ ಒತ್ತಡ ತಡೆಯುವುದಿಲ್ಲ. ಕ್ಯಾಪಿನ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿಕೊಂಡು ಹೋಗಿ.

ಶಿರಸಿಯಿಂದ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಆಯಿಗೆ ಎಲ್ಲ ಓದಿ ಹೇಳಿದೆ. ಸೋಮವಾರ ಹೋಗುತ್ತೇವೆ. ಎಲೆಯಡಿಕೆ ಕವಳ ಯಾವಾಗಿಂದ ಹಾಕಬಹುದು ಅಂತ ಕೇಳುತ್ತಿದ್ದಾಳೆ.

ಸಿದ್ದಾಪುರದಿಂದ:
ಕ್ಯಾಪ್ ಕೂರುವವರೆಗೆ ಆ ಕಡೆ ಗಟ್ಟಿಯಾದದ್ದು ಏನೂ ಬೇಡ. ಆಮೇಲೂ ಕವಳ ಬಿಟ್ಟರೇ ಒಳ್ಳೆಯದು, ಹೊಗೆಸೊಪ್ಪಂತೂ ಬೇಡವೇ ಬೇಡ. ಬಾಯಿ ಕ್ಯಾನ್ಸರಿಗೆ ಅಡಿಕೆಯೂ ಕಾರಣ ಆಗುತ್ತದೆ. ಅಡಿಕೆ ತೋಟದ ಮನೆಯವನೇ ಹೇಳುತ್ತಿದ್ದೇನೆ ತಂಗಿ. ಕ್ಯಾಪ್ ಹಾಕಿದ ಹಲ್ಲನ್ನೂ ದಿನಾ ಎರಡು ಸಲ ಉಜ್ಜಬೇಕು ಅಂತ ಆಯಿಗೆ ಹೇಳಿ. ಅದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯಬಹುದು.